ವಸ್ತಿ ಬಸ್ಸು

ಜಮಖಂಡಿ ಬಿಟ್ಟ ಕಡೀ ಬಸ್ಸು
ಹೊಳಿ ದಾಟಿ, ಕಬ್ಬಿನ ಟ್ರ್ಯಾಕ್ಟರಿನ ಹಿಂದ ತೆವಳಿ
ಒಂಬತ್ತೂವರಿಗೆ ಈ ಊರ ಅಗಸಿಗೆ ಬಂದು ಉಸಿರು ಬಿಡತೈತಿ.
ಇಲ್ಲಿಂದ ಮುಂದ ರಸ್ತಾ ಇಲ್ಲ.
ಇದ್ದರೂ ನಮ್ಮ ಡ್ಯೂಟಿ ಇಲ್ಲ.

ರಾಜೇಸಾಬ ಇಂಜಿನ್ ಬಂದ್ ಮಾಡತಾನ.
ಆಮ್ಯಾಲೆ ಒಂದೊಂದ ಕೇಳಾಕ ಹತ್ತತಾವ:
ಜೀರುಂಡಿ, ಯಾರದೋ ಮನಿ ಟೀವಿ,
ನನ್ನ ಹೊಟ್ಟಿ.

ಆದರ ಮೊದಲು ರೊಕ್ಕ.
ಸೀಟಿನ ಮ್ಯಾಲೆ ಚಿಲ್ಲರ ಸುರುವಿ ಕುಂತೆ.
ಮಷಿನ್ ಹೇಳೂದೊಂದು, ಚೀಲ ಹೇಳೂದೊಂದು.
ಹದಿನೇಳು ರೂಪಾಯಿ ಕಡಿಮಿ.
ಮತ್ತ ಎಣಿಸಿದೆ. ಹದಿನೇಳೇ.
"ಗುರಸಿದ್ದಾ, ರೊಟ್ಟಿ ಆರಿ ಹೋಗತಾವು ಬಾರೋ" ಅಂದ,
ಮುಂಜಾನೆ ನಾಕಕ್ಕ ಬಡದ ರೊಟ್ಟಿಗೆ.

ನಿನ್ನಿ ಪೇಪರ್ ಹಾಸಿದ್ವಿ.
ಅದರಾಗ ಬಂಗಾರದ ಅಂಗಡಿ ಜಾಹೀರಾತು,
ನಗೂ ಹೆಣಮಗಳ ಕೊರಳ ಹಾರದ ಮ್ಯಾಲೇ
ಗುರೆಳ್ಳ ಹಿಂಡಿ ಬಿತ್ತು.
ಹಳೇ ಬಾಮಿನ ಶೀಸೆದಾಗ ನನ್ನಾಕಿ ಕೊಟ್ಟ ಶೇಂಗಾಎಣ್ಣಿ,
ಎಷ್ಟು ತೊಳದರೂ ಒಂಚೂರು ನೆಗಡಿ ವಾಸನಿ.
ಅವನ ಗಂಟಿನ್ಯಾಗ ಸಜ್ಜಿ ರೊಟ್ಟಿ, ಪುಂಡಿಪಲ್ಯ.
ನಂದು ಅವಗ, ಅವಂದು ನನಗ.
ಉಳ್ಳಾಗಡ್ಡಿಯ ನೆತ್ತಿಗೆ ಒಂದು ಗುದ್ದು.
ಕಣ್ಣಾಗ ನೀರು ಬಂತು; ಅದು ಲೆಕ್ಕಕ್ಕಿಲ್ಲ.

ಅಗಸಿ ಬಾಜೂ ಮನಿ ನೀಲವ್ವಾಯಿ
ತಂಬಿಗಿ ಮಜ್ಜಿಗಿ ತಂದು ಫುಟ್‌ಬೋರ್ಡಿನ ಮ್ಯಾಲೆ ಇಡತಾಳ.
ಬ್ಯಾಡಬೇ ಅಂದರ ಕೇಳೂದಿಲ್ಲ.
"ದಿನಾ ಜೀರೋ ಟಿಕೀಟು ಹರಿಸಿಕೋತೀನಿ,
ಪುಕ್ಕಟೆ ಕುಂತಿದ್ದು ನಂಗ ಅರಗಬೇಕಲ್ಲೋ."

ಮಜ್ಜಿಗ್ಯಾಗ ಕಡೀ ರೊಟ್ಟಿ ಮುರುದು ಹಾಕಿ
ಮೆತ್ತಗಾಗೂತನಾ ಕಾಯುವಾಗ ನೆನಪಾತು:
ಕ್ರಾಸಿನ್ಯಾಗ ಇಳದ ಐಟಿಐ ಹುಡುಗ,
ಎರಡೂ ಕಿಸೆ ತಡವಿಕೊಂಡು ನನ್ನ ಮಾರಿ ನೋಡಿದ.
ಇಳಿ, ನಾಳಿ ಕೊಡು, ಅಂದಾಂವ ನಾನೇ.
ಹದಿನೇಳು.
ನನ್ನ ಕಿಸೆದಿಂದ ಹಾಕಿ ಚೀಲದ ಬಾಯಿ ಕಟ್ಟಿದೆ.

ಇನ್ನೊಂದು ರೊಟ್ಟಿ ಇದ್ದರ ತಿಂತಿದ್ದೆ.
ಇರಲಿಲ್ಲ.
ಬೀಡಿ ಒಂದು ಮುಗಿಯೂದರಾಗ
ಬೇಕು ಅನ್ನೂದೂ ಇರಲಿಲ್ಲ.
ಇದಕ್ಕ ಏನಂತಾರೋ. ರಾಜೇಸಾಬನ್ನ ಕೇಳೂಣು ಅಂದರ
ಅಂವ ಆಗಲೇ ಗೊರಕಿ ಹೊಡ್ಯಾಕ ಹತ್ತಿದ್ದ,
ಸ್ಟೇರಿಂಗಿನ ಕಡೆ ಕಾಲು ಚಾಚಿ.

ಹಾರದ ಮ್ಯಾಲೆ ಇರುವಿ ಪಾಳಿ ಹಚ್ಯಾವು.
ಪೇಪರ್ ಮಡಚಲಿಲ್ಲ, ತಿನ್ನಲಿ.
ಐದೂ ನಲವತ್ತಕ್ಕ ಬಿಡಬೇಕು ನಾಳಿ.
ಬೋರಿಂಗಿಗೆ ಹೋಗಿ ತಂಬಿಗಿ ತೊಳದು ತಂದು
ನೀಲವ್ವಾಯಿ ಕಟ್ಟಿ ಮ್ಯಾಲೆ
ಡಬ್ಬ ಹಾಕಿ ಬಂದೇನಿ.