ಫಾರಮ್ಮಿಗೆ ನಲವತ್ತು

ಮೂರನೇ ಪ್ರಶ್ನೆ: ಕಳೆದ ಎರಡು ವಾರದಲ್ಲಿ
ಎಷ್ಟು ದಿನ ನಿದ್ದೆ ಕೆಟ್ಟಿತು?
ಮರಾಠಿಯಿಂದ ಕನ್ನಡಕ್ಕೆ ದಾಟಿಸುವುದು ನನ್ನ ಕೆಲಸ,
ಫಾರಮ್ಮಿಗೆ ನಲವತ್ತು ರೂಪಾಯಿ.

ವಾಘೋಲಿಯ ತಗಡಿನ ಶೆಡ್ಡು. ಮಲ್ಕಮ್ಮ
ಸಿಮೆಂಟು ಕಚ್ಚಿದ ಬೆರಳು ಮಡಚಿದಳು, ಬಿಚ್ಚಿದಳು.
"ನಿದ್ದಿ ಬರ್ತದ್ರೀ. ನಾನೇ ಒಲ್ಲೆ ಅಂತೀನಿ.
ಕಣ್ಣು ಮುಚ್ಚಿದ್ರ ಹತ್ತನೇ ಮಾಳಿಗಿ,
ಇನ್ನೂ ಗ್ವಾಡಿ ಕಟ್ಟಿಲ್ಲ,
ಬುಟ್ಟಿ ತಲಿಮ್ಯಾಗ, ಕೆಳಗ ಯಾರೋ
ನನ್ನ ಹೆಸರು ಹಿಡಿದು ಕರೀತಾರ."

ಕೇತಕಿ ಮೇಡಂ ಪೆನ್ನು ಎತ್ತಿ ಹಿಡಿದಿದ್ದಾರೆ:
ಸೊನ್ನೆಯೋ, ಒಂದೋ, ಎರಡೋ, ಮೂರೋ?
ಮೂರು, ಎಂದೆ.
ಮಾಳಿಗೆ, ಬುಟ್ಟಿ, ಆ ಕರೆ
ಮೂರರೊಳಗೆ ಹಿಡಿಸಲಿಲ್ಲ; ನನ್ನ ಹತ್ತಿರವೇ ಉಳಿದವು.

ಹೆಬ್ಬೆಟ್ಟಿನ ಶಾಯಿ ಸೆರಗಿಗೆ ಒರೆಸಿಕೊಂಡು
ಮಲ್ಕಮ್ಮ ಕೇಳಿದಳು: "ನಿಮಗ ನಿದ್ದಿ ಹತ್ತತದೇನ್ರೀ ಯಕ್ಕಾ?"

ಏನಂತೆ, ಎಂದರು ಮೇಡಂ.
ನೀರು ಕುಡೀತೀರಾ ಅಂತಿದಾಳೆ, ಎಂದೆ.