ಉಪ್ಪು ಹಾಕಿದ ಹಿಟ್ಟು

ದಿನಾ ಇನ್ನೂರು ರೊಟ್ಟಿ. ಹಬ್ಬ ಬಂದ್ರ ಮುನ್ನೂರು.
ಜೋರಾಪುರ ಪೇಟಿಯ ಈ ಪತ್ರಾಸಿನ ಕೆಳಗ
ಬೆಳಗಿನ ಐದಕ್ಕೇ ಎಸರು ಕುದೀತದ.
ಅಷ್ಟೊತ್ತಿಗೆ ನನ್ನ ಅಂಗೈ ನನ್ನದಲ್ಲ,
ಖಾನಾವಳಿಯವರದು.

ಮಗ್ಗಲಕ್ಕ ಸೋಮನಿಂಗ. ನಾಲ್ಕು ತುಂಬಿ ಮೂರು ತಿಂಗಳು.
ಅಳಬ್ಯಾಡ ಅಂತ ಒಂದು ಚೂರು ಹಿಟ್ಟು ಕೊಡ್ತಿದ್ದೆ.
ಆನಿ ಮಾಡ್ತಿದ್ದ.
ಕಿವಿ ಹಚ್ಚೂದರಾಗ ಸೊಂಡಿ ಬಿರೀತಿತ್ತು,
ಸೊಂಡಿ ಕೂಡಸೂದರಾಗ ಕಾಲು.
ಜ್ವಾಳಕ್ಕ ಜಿಗಿ ಇರೂದಿಲ್ಲ ತಮ್ಮಾ,
ಬಿಸಿನೀರಿನ ಋಣ ಇರೂತನಕ ಹಿಡಕೊಂಡಿರ್ತದ, ಅಷ್ಟ.
ಅವಗ ಅದೆಲ್ಲ ಬ್ಯಾಡ. ಗ್ವಾಡಿಗೆ ಒಗೀತಿದ್ದ, ನನ್ನ ತೋಳು ಕಚ್ಚತಿದ್ದ.
ನಾನೂ ಒಂದು ಬಿಡ್ತಿದ್ದೆ.
ಕರೀ ಬೆನ್ನಿನ ಮ್ಯಾಲ ಬೆಳ್ಳಗ ಐದು ಬೆರಳು.

ಅಂಗನವಾಡಿಯ ಇಂದುಮತಿ ಅಕ್ಕೋರು ಬೈಯಲಿಲ್ಲ.
ಅವನ ಕೈ ಹಿಡದು ತೋರಿಸಿದ್ರು:
ಬಳಪ ನಿಲ್ಲವಲ್ದು, ಅಂಗಿ ಗುಂಡಿ ಹಾಕಲಿಕ್ಕೆ ಬರವಲ್ದು,
ಈ ಬೆರಳು ಗಟ್ಟಿ ಆಗಬೇಕಂದ್ರ
ಹಿಚುಕಬೇಕು, ಹೊಸೀಬೇಕು, ಚೂಟಬೇಕು.
"ಮಂದೀನ್ನಲ್ಲ," ನಕ್ಕರು, "ಹಿಟ್ಟನ್ನ."
ಹಳೇ ಕ್ಯಾಲೆಂಡರಿನ ಹಿಂದ ಬರಕೊಟ್ರು:
ಎರಡು ವಾಟಗ ಮೈದಾ, ಒಂದು ವಾಟಗ ಉಪ್ಪು,
ನೀರು, ಎರಡು ಚಮಚ ಎಣ್ಣಿ, ಸಣ್ಣ ಉರಿ.

"ಉಣ್ಣೂ ಹಿಟ್ಟಿನಾಗ ಆಟ ಏನ?" ಅತ್ತಿ ಕೇಳಿದ್ಲು,
"ಆಡಾಕ ಮಣ್ಣಿಲ್ಲೇನ ಊರಾಗ?"
ಹುಡುಕಿದ್ವಿ, ಇಬ್ಬರೂ.
ಓಣಿ ತುಂಬ ಸಿಮೆಂಟು.
ಗಟಾರದ ಬಾಜೂಕ ಒಂದು ಹಿಡಿ ಸಿಕ್ಕಿತು,
ಅದರಾಗ ಒಂದು ಬ್ಲೇಡು.
ತಿರುಗಿ ಬಂದು ಮಾತಾಡದ
ಬುಟ್ಟಿಯೊಳಗ ಅರಿಷಿಣ ಸುರುವಿದಾಕಿ ಅಕಿನ.

ರಾತ್ರಿ ಕಡೀ ಡಬ್ಬಿ ಕಟ್ಟಿ ಅವನ ಎದುರಿಗೆ ಕುಂತೆ.
ನನ್ನ ಕೈ, ನನ್ನ ಕೇಳದನ,
ಉಂಡಿ ಕಟ್ಟಿತು, ತಟ್ಟಿತು, ದುಂಡಗ ಮಾಡಿತು.
ಒಂದು. ಎರಡು. ಹದಿನಾರರ ತನಕ ಎಣಿಸಿ
ನಾಚಿಕಿ ಬಂತು.
ಇವನ್ನ ಯಾರೂ ಒಯ್ಯೂದಿಲ್ಲ.
ಎಲ್ಲಾ ಕೂಡಿಸಿ ಬರೇ ಹಿಚುಕಿದೆ,
ಬೆರಳಿನ ಸಂದಿಯಿಂದ ಹಳದಿ ಹೊರಗ ಬಂತು,
ಇನ್ನೊಮ್ಮೆ, ಇನ್ನೊಮ್ಮೆ.
ಹಿಟ್ಟು ಇಷ್ಟು ಮೆತ್ತಗಿರ್ತದಂತ ಗೊತ್ತಿರಲಿಲ್ಲ.
ಸೋಮ್ಯಾ ನನ್ನ ಹೆಬ್ಬೆರಳು ನೋಡಿದ,
ಹಂಚಿಗೆ ಸುಟ್ಟು ಕರ್ರಗಾಗಿದ್ದು.
ಒಂದು ಚೂರು ತಗೊಂಡು ಅದಕ್ಕೊಂದು ಟೊಪ್ಪಿಗಿ ಹಾಕಿದ.
ಉಪ್ಪು ಚುರ್ ಅಂತು. ತೆಗೀಲಿಲ್ಲ.

ತಿಂಗಳಿಗೆ ಗುಂಡಿ ಹಾಕ್ಕೊಂಡ,
ಮ್ಯಾಲಿನ ಗುಂಡಿ ಕೆಳಗಿನ ಕಾಜಾಕ್ಕ.
ಹಂಗ ಓಣಿ ತುಂಬ ಓಡಾಡಿದ.

ನಿನ್ನೆ ವಾಟಗ ಬೋರಲು ಹಾಕಿ
ಹಿಟ್ಟು ಹಾಸಿ, ಒತ್ತಿ, ಮೆಲ್ಲಕ ಎತ್ತಿದ.
ಗೋಳಗುಮ್ಮಟ.
ಮಿನಾರಕ್ಕ ನಾಲ್ಕು ಮೆಣಸಿನಕಾಯಿ ತೊಟ್ಟು.
ಒಳಗ ಬಾಯಿ ಇಟ್ಟು "ಅವ್ವಾ" ಅಂದ,
ಕಿವಿ ಇಟ್ಟು ಕಾದ.
ಹ್ವಾದ ವರ್ಷ ಏಳು ಸಲ ತಿರುಗಿ ಬಂದಿತ್ತಲ್ಲ,
ಅವಗ ನೆನಪದ.
ಹಿಟ್ಟು ಸುಮ್ಮನಿತ್ತು.

ಈಗ ಒಗೀತಾನಂತ ಕೈ ಚಾಚಿದೆ.
ಒಗೀಲಿಲ್ಲ. ನನ್ನ ಮಾರಿ ನೋಡಿದ.

ನಾನ ಅಂದೆ: ಅವ್ವಾ.
ಇನ್ನಷ್ಟು ಸಣ್ಣಗ: ಅವ್ವಾ.
ಒಂದಕ್ಕಿಂತ ಒಂದು ದೂರ ಹೋದಂಗ,
ಅವ ಬೆರಳು ಮಡಚಿ ಎಣಸಾಕತ್ತಿದ್ದ,
ಐದನೇದ್ದಕ್ಕ
ಖರೇನ ನಮ್ಮವ್ವನ್ನ ಕರದಂಗಾತು,
ಆರು, ಉಸಿರಿನಷ್ಟ.

ಏಳನೇದು ನಾ ಅನ್ನೂದಕ್ಕಿಂತ ಮೊದಲು
ಒಳಗಿನ ಕತ್ತಲಿಯಿಂದ, ನಿದ್ದಿಗಣ್ಣಾಗ, ಅತ್ತಿ:
"ಓ... ಯಾರವಾ, ಕರದ್ರೇನ?"