ನಿಮ್ಮ ಕೊಬ್ಬು ಹೆಚ್ಚಾಗಿದೆ

ಲೋಹಿತಾಶ್ವ ಬಿಟ್ಟುಹೋದ ಫೈಲಿನಲ್ಲಿ
ಮಾತುಗಳೆಲ್ಲ ಇದ್ದವು, ವಿಳಾಸ ಇರಲಿಲ್ಲ.
ಟೆಕ್ಸ್ಟ್ ಒಂದು, ಟೆಕ್ಸ್ಟ್ ಎರಡು,
ಟೆಕ್ಸ್ಟ್ ನಲವತ್ತೇಳು, ನಲವತ್ತೇಳು ಹೊಸದು,
ಹೊಸದು ಕೊನೇದು, ಕೊನೇದು ಎರಡು.
ಹಾಸನದ ಹೊಸ ಬಸ್‌ಸ್ಟ್ಯಾಂಡಿನ ಹಾಗೆ,
ಎಷ್ಟು ವರ್ಷವಾದರೂ ಹೆಸರು ಮಾತ್ರ ಹೊಸದೇ.

ಬಿ.ಎಂ. ರಸ್ತೆ, ಪೇಂಟಂಗಡಿಯ ಮೇಲೆ ಎರಡು ಕೋಣೆ,
ಹಾಲಿನ ಸಂಘಗಳಿಗೆ ಆ್ಯಪ್ ಮಾಡುವ ಕಂಪನಿ.
ನನ್ನನ್ನು ಸೇರಿಸಿಕೊಂಡದ್ದು ಕನ್ನಡಕ್ಕೆ.
ಕೀ ಅಂದರೆ ಬೀಗದ್ದಲ್ಲ, ಗೂಡಿನ ಹೆಸರು,
ಎಂದಳು ಶಾಹಿಸ್ತಾ. ಗೂಡಲ್ಲಿ ನೀನಿಟ್ಟ ಮಾತನ್ನು
ಫೋನು ಹುಡುಕಿ ತೆಗೆದು ತೋರಿಸುತ್ತೆ.

ಫ್ಯಾಟ್ ಅಂತೊಂದು ಗೂಡು.
ಎಲ್ಲಿ ಬರುತ್ತೆ, ಯಾರೆದುರು ಬರುತ್ತೆ, ಅದು ಹೇಳಲಿಲ್ಲ.
'ಕೊಬ್ಬು' ಅಂತ ತುಂಬಿದೆ.
ಟೆಕ್ಸ್ಟ್ ಒಂಬತ್ತಕ್ಕೆ 'ನಿಮ್ಮ'. ಮೂವತ್ತಕ್ಕೆ 'ಹೆಚ್ಚಾಗಿದೆ'.
ಬೇರೆ ಬೇರೆ ಮಧ್ಯಾಹ್ನ ಬರೆದವು,
ಒಂದರ ಮುಖ ಒಂದು ನೋಡದವು,
ಬೆಳಗಿನ ಆರೂಕಾಲಿಗೆ, ದುದ್ದದ ಕಡೆಯ
ನೂರಿಪ್ಪತ್ತು ಫೋನುಗಳಲ್ಲಿ
ಕೈ ಕೈ ಹಿಡಿದು ನಿಂತವು:
ನಿಮ್ಮ ಕೊಬ್ಬು ಹೆಚ್ಚಾಗಿದೆ.

ಸಂಘದ ಕಾರ್ಯದರ್ಶಿ ತಿಮ್ಮಾಜಮ್ಮ ಬೈಯಲಿಲ್ಲ.
"ಹಿಂಡಿ ಮೂಟೆ ರೇಟ್ ಕೇಳಿದ್ರೆ ಇರೋ ಕೊಬ್ಬೂ ಇಳೀತದೆ ಕಣಮ್ಮ.
ಬೋರಣ್ಣ ಮಾತ್ರ ಕ್ಯಾನು ಎತ್ಕಂಡು ವಾಪಸ್ ಹೋದ.
ಅವನ ಹೆಂಡ್ತಿ ಇನ್ನೂ ನಗ್ತಾವ್ಳೆ."

ಹಿತ್ತಲಿಗೆ ಕರೆದು ಹಸುವಿನ ಕಿವಿ ಮಡಿಸಿ ತೋರಿಸಿದಳು.
ಹಳದಿ ಬಿಲ್ಲೆ, ಹನ್ನೆರಡು ಅಂಕಿ.
"ಮಾರಿದ್ರೂ ಇದು ಬದಲಾಗಲ್ಲ. ನಾನು ಕೆಂದಿ ಅಂತೀನಿ,
ಮೊದಲಿದ್ದ ಮನೇಲಿ ಗೌರಿ ಅಂತಿದ್ರು.
ಬಿಲ್ಲೆಗೇ ಕೆಂದಿ ಅಂತ ಬರೆಸಿದ್ರೆ, ಊರಲ್ಲಿ ಹದಿನಾರು ಕೆಂದಿ."
ಅಂಕಿ ನೆನಪಿರುತ್ತಾ, ಕೇಳಿದೆ.
"ಯಾರಿಗಿರ್ತದೆ? ಕೆರೆ ಓಣಿ, ಮೂರನೇ ಮನೆ, ಎಡಗೊಂತು.
ಕತ್ತಲಲ್ಲೂ ಕೈ ಹೋಗ್ತದೆ."

ಆಮೇಲೆ ಮೂರು ವಾರ
ಗೂಡುಗಳಿಗೆ ಓಣಿ, ಮನೆ, ಗೊಂತು.
ಚೀಟಿ ಚುಕ್ಕೆ ಬೆಳಗು ಚುಕ್ಕೆ ಹಾಲಿನ ಜಿಡ್ಡು.
ಓಪನ್ ಎಂಬ ಒಂದೇ ಗೂಡನ್ನು ಎರಡಾಗಿ ಸೀಳಿದೆ:
ಬಾಗಿಲಿಗೆ 'ತೆರೆದಿದೆ', ಬೆರಳಿಗೆ 'ತೆರೆಯಿರಿ'.
ಮಾತು ಬದಲಾದೀತು, ಜಾಗ ಬದಲಾಗದು,
ಅಂತ ಗೋಡೆಗೂ ಬರೆದು ಅಂಟಿಸಿದೆ.
ಮೊನ್ನೆ ಗುರುವಾರ ಶಾಹಿಸ್ತಾ
ಚೀಟಿಯನ್ನೇ ಎತ್ತಿ ಪಾವತಿ ಪುಟಕ್ಕೆ ಹಾಕಿದಳು.
ಕಾಗದ ಕಿತ್ತೆ.

ಕೊನೆಗೆ ಉಳಿದದ್ದು 'ಗೆ'.
ಬರೀ ಗೆ. ಬೋರಣ್ಣ ಗೆ, ತಿಮ್ಮಾಜಮ್ಮ ಗೆ, ರಫೀಕ್ ಗೆ,
ಹೆಸರಿನಿಂದ ಒಂದು ಗೇಣು ದೂರ, ಮುನಿಸಿಕೊಂಡ ಹಾಗೆ.
ಒಬ್ಬರಿಗೆ ನಿಗೆ, ಒಬ್ಬರಿಗೆ ಳಿಗೆ, ಇನ್ನೊಬ್ಬರಿಗೆ ಇಗೆ,
ಯಾರಿಗೆ ಯಾವುದು ಅಂತ ಯಂತ್ರಕ್ಕೆ ಹೇಗೆ ಗೊತ್ತು.
ರಾತ್ರಿ ಎಂಟಕ್ಕೆ, ಷಟರ್ ಎಳೆಯುವಾಗ, ಹೊಳೆಯಿತು:
ಎಲ್ಲ ಹೆಸರಿಗೂ ಹೊಂದುವುದು ಒಂದೇ. 'ಅವರಿಗೆ'.
ಮರ್ಯಾದೆ ಕೊಟ್ಟರೆ ವ್ಯಾಕರಣ ತಾನೇ ದಾರಿಗೆ ಬಂತು.

ಬೋರಣ್ಣ ಅವರಿಗೆ, ಈ ಹೊತ್ತಿನ ಹಾಲಿನ ಫ್ಯಾಟು
ನಾಲ್ಕು ಪಾಯಿಂಟ್ ಒಂದು.
ಫ್ಯಾಟು. ಹೌದು, ಅವರ ಬಾಯಲ್ಲಿದ್ದದ್ದನ್ನೇ ಇಟ್ಟೆ.

ಟೆಕ್ಸ್ಟ್ ನಲವತ್ತೇಳು ಏನೆಂದು ಯಾರಿಗೂ ಗೊತ್ತಿಲ್ಲ.
ಒಳಗೆ ಏನೂ ಇಲ್ಲ. ಅಳಿಸಿದರೆ ಆ್ಯಪು ಏಳುವುದಿಲ್ಲ.
ಲೋಹಿತಾಶ್ವನಿಗೆ ಫೋನು ಮಾಡಿದೆವು, ಅರಸೀಕೆರೆಯ
ಪೆಟ್ರೋಲ್ ಬಂಕಿನಲ್ಲಿ ಲೆಕ್ಕ ಬರೆಯುತ್ತಾನೆ ಈಗ.
"ಅದು ಇರ್ಲಿ ಬಿಡಿ," ಅಂದ.